ಮೀಟರ್ ಪಾಡ್ಲೆ ಅಣ್ಣಾ

ಬ್ಯಾಂಕಾಕ್‌ಗೆ ಹೋಗಿ ಬಂದು ಹದಿನೈದು ದಿನ ಆಯಿತು. ಫೋಟೋ ಎಲ್ಲ ಹಾಕಿ ಆಗಿದೆ. "ಊರು ಹೇಗುಂಟು?" ಅಂತ ಕೇಳಿದವರಿಗೆಲ್ಲ "ಸೂಪರ್" ಅಂದಿದ್ದೇನೆ. ಊರು ಸೂಪರೇ, ಸುಳ್ಳಲ್ಲ. ಆದರೆ ಟ್ಯಾಕ್ಸಿಯ ಕತೆ ಫೋಟೋದಲ್ಲಿ ಬರುವುದಿಲ್ಲ. ಅದನ್ನು ಬರೆಯದಿದ್ದರೆ ನನಗೆ ಸಮಾಧಾನ ಇಲ್ಲ.

ಹೋದದ್ದು ನಾಲ್ಕು ಜನ. ನಾನು, ಹೆಂಡತಿ, ಎಂಟು ವರ್ಷದ ಮಗಳು ಮತ್ತು ಅಪ್ಪ. ಅಪ್ಪ ಉಡುಪಿಯಲ್ಲಿ 31 ವರ್ಷ ರಿಕ್ಷಾ ಓಡಿಸಿದವರು. ಮೊಣಕಾಲು ಕೈಕೊಟ್ಟ ಮೇಲೆ ಬಿಟ್ಟರು. ಅವರಿಗೆ ಇದು ಮೊದಲ ವಿಮಾನ, ಮೊದಲ ಪರದೇಶ.

ಇಳಿದದ್ದು ಸುವರ್ಣಭೂಮಿ ಏರ್‌ಪೋರ್ಟಿನಲ್ಲಿ. ಹೆಸರು ಕೇಳಿಯೇ ಅಪ್ಪನಿಗೆ ಖುಷಿ. "ಇದು ನಮ್ಮ ಭಾಷೆಯೇ ಅಲ್ವಾ" ಅಂದರು. ರಾತ್ರಿ ಒಂದೂವರೆ ಗಂಟೆ. ಕೆಳಗಿನ ಮಹಡಿಯಲ್ಲಿ ಟ್ಯಾಕ್ಸಿಗೆ ಮೆಷಿನ್ ಇಟ್ಟಿದ್ದಾರೆ. ಬಟನ್ ಒತ್ತಿದರೆ ಚೀಟಿ ಬರುತ್ತದೆ, ಚೀಟಿಯಲ್ಲಿ ನಂಬರ್ ಇರುತ್ತದೆ, ಆ ನಂಬರಿನ ಜಾಗಕ್ಕೆ ಹೋದರೆ ಕಾರು ರೆಡಿ. ಎಷ್ಟು ಚಂದದ ವ್ಯವಸ್ಥೆ ಅಂದುಕೊಂಡೆ. ಡ್ರೈವರ್ ಬ್ಯಾಗುಗಳನ್ನು ಡಿಕ್ಕಿಗೆ ತುಂಬಿ, ಬಾಗಿಲು ಹಾಕಿ, ಸೀಟಿನಲ್ಲಿ ಕೂತು, ನಿಧಾನಕ್ಕೆ ತಿರುಗಿ ಹೇಳಿದ. "ನೋ ಮೀಟರ್. ಸಿಕ್ಸ್ ಹಂಡ್ರೆಡ್." ಹೇಳಿ ಚೀಟಿಗೆ ಕೈ ಚಾಚಿದ.

ಈ ಚೀಟಿ ಸುಮ್ನೆ ಅಲ್ಲ. ಯಾವ ಕಾರು, ಯಾವ ಡ್ರೈವರ್ ಅನ್ನುವುದು ಅದರಲ್ಲಿ ಇರುತ್ತದೆ. ದೂರು ಕೊಡಬೇಕಾದರೆ ಅದೇ ಆಧಾರ. ಅದಕ್ಕೇ ಅವನಿಗೆ ಅದು ಬೇಕು. ನಾನು ಓದಿಕೊಂಡು ಹೋಗಿದ್ದೆ. ಮೀಟರ್, ಮೇಲೆ 50 ಬಾತ್ (ಅಲ್ಲಿಯ ದುಡ್ಡು) ಏರ್‌ಪೋರ್ಟ್ ಸರ್‌ಚಾರ್ಜ್, ಟೋಲ್ ನಮ್ಮದು, ಅಷ್ಟೇ. ಆದರೆ ಓದಿದ್ದೆಲ್ಲ ಆ ಹೊತ್ತಿಗೆ ಬಾಯಿಗೆ ಬರಬೇಕಲ್ಲ. ಮಗಳು ತೂಗಡಿಸುತ್ತಿದ್ದಾಳೆ, ಬ್ಯಾಗು ಒಳಗೆ ಹೋಗಿ ಆಗಿದೆ. ನಾನು ಐನೂರಕ್ಕೆ ಚೌಕಾಸಿ ಶುರು ಮಾಡಿದೆ.

ಮುಂದಿನ ಸೀಟಿನಲ್ಲಿದ್ದ ಅಪ್ಪ ನನ್ನ ಕೈಯಿಂದ ಚೀಟಿ ತೆಗೆದು ಅಂಗಿ ಕಿಸೆಗೆ ಹಾಕಿಕೊಂಡರು. ಬೆರಳು ಮೀಟರಿನ ಮೇಲೆ ಇಟ್ಟರು. ಮತ್ತೆ ಶುದ್ಧ ತುಳುವಿನಲ್ಲಿ, "ಮೀಟರ್ ಪಾಡ್ಲೆ ಅಣ್ಣಾ." ಮೀಟರ್ ಹಾಕಿ ಅಣ್ಣಾ ಅಂತ.

ತುಳು ಅವನಿಗೆ ಎಲ್ಲಿ ಬರಬೇಕು? ಆದರೂ ಒಂದು ಕ್ಷಣ ಅಪ್ಪನ ಮುಖ ನೋಡಿದ. ಗೊಣಗಿದ. ಮೀಟರ್ ಒತ್ತಿದ. ಕೆಂಪಕ್ಷರದಲ್ಲಿ 35 ಬಂತು. ಆ ಸಿಟ್ಟನ್ನು ದಾರಿಯುದ್ದಕ್ಕೂ ಆಕ್ಸಿಲರೇಟರಿನ ಮೇಲೆ ತೀರಿಸಿಕೊಂಡ, ಅದು ಬೇರೆ. ಹೋಟೆಲ್ ತಲುಪುವಾಗ ಟೋಲ್, ಸರ್‌ಚಾರ್ಜ್ ಎಲ್ಲ ಸೇರಿ 400 ದಾಟಿರಲಿಲ್ಲ.

ಅಲ್ಲಿಗೆ ಪಾಠ ಕಲಿತೆವು ಅಂದುಕೊಂಡದ್ದು ತಪ್ಪು. ಮೂರನೇ ದಿನ ಸಂಜೆ ನಾಲ್ಕು ಗಂಟೆ, ಸಿಯಾಮ್ ಅನ್ನುವ ಪೇಟೆಯ ಹತ್ತಿರ ಧೋ ಅಂತ ಮಳೆ. ಹೋಟೆಲ್ ಇರುವುದು ಪ್ರತುನಾಮ್‌ನಲ್ಲಿ, ಒಂದೆರಡು ಕಿಲೋಮೀಟರ್ ಅಷ್ಟೇ. ನಮಗಾದರೆ ನಡೆಯಬಹುದು, ಅಪ್ಪನ ಕಾಲಿಗೆ ಆಗುವುದಿಲ್ಲ. ಗುಲಾಬಿ, ಹಸಿರು ಹಳದಿ ಟ್ಯಾಕ್ಸಿಗಳು ಸಾಲಾಗಿ ಬರುತ್ತಿವೆ. ಮುಂದಿನ ಗಾಜಿನಲ್ಲಿ ಖಾಲಿ ಅಂತ ಥಾಯ್ ಅಕ್ಷರದ ಕೆಂಪು ದೀಪ ಉರಿಯುತ್ತಿದೆ. ಕೈ ಹಿಡಿದರೆ ನಿಲ್ಲಿಸುತ್ತಾರೆ. ಗಾಜು ಎರಡು ಬೆರಳು ಇಳಿಯುತ್ತದೆ. ಜಾಗದ ಹೆಸರು ಕೇಳುತ್ತಾರೆ. ಕೈ ಅಲ್ಲಾಡಿಸುತ್ತಾರೆ. ಗಾಜು ಮೇಲೆ ಹೋಗುತ್ತದೆ. ಹೀಗೆ ಏಳು ಟ್ಯಾಕ್ಸಿ. ಎಂಟನೆಯವ ಮುನ್ನೂರು ಅಂದ. ಕೊನೆಗೆ ಸ್ಕೈಟ್ರೇನ್ ಹತ್ತಿ ಒಂದು ಸ್ಟೇಷನ್, ಚಿಟ್ ಲೋಮ್‌ನಲ್ಲಿ ಇಳಿದು, ಅಲ್ಲಿಂದ ಅಪ್ಪನನ್ನು ಕುಂಟಿಸಿಕೊಂಡು ಹೋದೆವು.

ನನಗೆ ಉರಿ ಬಂದಿತ್ತು. ಹೋಟೆಲಿನ ರಿಸೆಪ್ಶನ್ ಹುಡುಗಿಯ ಹತ್ತಿರ ಕೂಗಾಡಿದೆ. ಅವಳು ಶಾಂತವಾಗಿ ವಿವರಿಸಿದಳು. ತುಂಬಾ ಜನ ಡ್ರೈವರುಗಳದ್ದು ಸ್ವಂತ ಕಾರಲ್ಲ, 12 ಗಂಟೆಯ ಶಿಫ್ಟಿಗೆ ಬಾಡಿಗೆಗೆ ತರುವುದು. ಸಂಜೆ ನಾಲ್ಕೈದಕ್ಕೆ ವಾಪಸ್ ಕೊಡಬೇಕು, ತಡವಾದರೆ ಕೈಯಿಂದ ಹೋಗುತ್ತದೆ. ಮಳೆಯ ಟ್ರಾಫಿಕ್ಕಿನಲ್ಲಿ ಎರಡು ಕಿಲೋಮೀಟರಿಗೆ ಮುಕ್ಕಾಲು ಗಂಟೆ. ಮೀಟರ್ ಬಂದದ್ದು 1992ರಲ್ಲಿ, ಆಗಲೂ ಶುರುವಿನ ದರ 35 ಬಾತ್, 2023ರಲ್ಲಿ ದರ ಏರಿಸಿದ ಮೇಲೂ ಸಣ್ಣ ಕಾರಿಗೆ ಅಷ್ಟೇ.

ಇದನ್ನೆಲ್ಲ ಕನ್ನಡಕ್ಕೆ ತಿರುಗಿಸಿ ಹೇಳಿದಾಗ ಅಪ್ಪ ತುಂಬಾ ಹೊತ್ತು ಸುಮ್ಮನಿದ್ದರು. ಮೊದಲ ಆರು ವರ್ಷ ಅವರು ಓಡಿಸಿದ್ದೂ ಬೇರೆಯವರ ರಿಕ್ಷಾ. ದಿನದ ಲೆಕ್ಕ ಮಾಲೀಕರಿಗೆ ಕೊಟ್ಟು ಉಳಿದದ್ದು ಮನೆಗೆ. ಕೊನೆಗೆ ಒಂದೇ ಮಾತು ಹೇಳಿದರು. "ಬರ್ಲಿಕ್ಕೆ ಆಗುದಿಲ್ಲ ಅಂದ್ರೆ ದೀಪ ಆರಿಸ್ಬೇಕು ಮಾರಾಯ. ದೀಪ ಹಾಕಿ ಬರುದಿಲ್ಲ ಅನ್ನುದು ಎಂತ?"

ನನ್ನ ತಕರಾರೂ ಅದೇ. ದರ ಸಾಲದು, ಒಪ್ಪೋಣ. ಏರಿಸಲಿ, ಏರಿಸಿದ್ದನ್ನು ಕೊಡೋಣ. ಆದರೆ ಮಳೆಯಲ್ಲಿ ಮಗು ಹಿಡಿದುಕೊಂಡು ನಿಂತವರ ಮುಖ ನೋಡಿ ರೇಟು ಕಟ್ಟುವುದು ಬೇರೆ. ಸರ್ಕಾರದ ಮೇಲಿನ ಸಿಟ್ಟನ್ನು ನನ್ನ ಅಪ್ಪನ ಮೊಣಕಾಲಿನ ಮೇಲೆ ಯಾಕೆ ತೀರಿಸಬೇಕು? ಅವನ ಕಷ್ಟ ನನಗೆ ಅರ್ಥ ಆಗುತ್ತದೆ. ಅರ್ಥ ಆದ ಕೂಡಲೇ ಸಿಟ್ಟು ಇಳಿಯಬೇಕು ಅಂತ ಏನೂ ಇಲ್ಲವಲ್ಲ.

ಅರಮನೆ ಹತ್ತಿರ "ಇವತ್ತು ಬಂದ್" ಅಂತ ಹೇಳಿ ಟುಕ್‌ಟುಕ್ ಹತ್ತಿಸಿ ಹರಳಿನ ಅಂಗಡಿಗೆ ಕರೆದುಕೊಂಡು ಹೋಗುವ ಹಳೇ ನಾಟಕವೂ ಆಯಿತು. ಅದರ ಬಗ್ಗೆ ಬರೆಯುವುದಿಲ್ಲ. ಬಿದ್ದವ ನಾನೇ, ಹೆಂಡತಿ ಮೊದಲೇ ಹೇಳಿದ್ದಳು.

ಎಲ್ಲರೂ ಹಾಗೆ ಅಂದರೆ ಪಾಪ ಬರುತ್ತದೆ. ಕೊನೆಯ ದಿನ ಸಿಕ್ಕಿದವರು ಅಪ್ಪನ ಪ್ರಾಯದವರು. ಕೇಳುವ ಮೊದಲೇ ಮೀಟರ್ ಒತ್ತಿದರು. ಕಾರಿನ ಒಳಗೆ ತಲೆ ಮೇಲೆ ಬಿಳಿ ಬಣ್ಣದಲ್ಲಿ ಪೂಜೆಯ ಯಂತ್ರದ ಹಾಗೆ ಏನೋ ಬರೆಸಿದ್ದರು. ಕನ್ನಡಿಗೆ ಮಲ್ಲಿಗೆಯ ಸಣ್ಣ ಮಾಲೆ. ಅಪ್ಪ ಅದನ್ನು ಬೆರಳ ತುದಿಯಲ್ಲಿ ಮುಟ್ಟಿ ನೋಡಿದರು, ಇವತ್ತಿನ ಹೂವಾ ಅಂತ. ಅವರ ರಿಕ್ಷಾದಲ್ಲೂ ದಿನಾ ಒಂದು ತುಂಡು ಶಂಕರಪುರ ಮಲ್ಲಿಗೆ ಇರುತ್ತಿತ್ತು. ಡ್ರೈವರ್ ಕನ್ನಡಿಯಲ್ಲಿ ನೋಡಿ ನಕ್ಕರು. 87 ಬಾತ್ ಆಯಿತು. ನೂರು ಕೊಟ್ಟೆವು. ಚಿಲ್ಲರೆ ಹುಡುಕತೊಡಗಿದರು, ಅಪ್ಪ ಬೇಡ ಅಂತ ಕೈ ಮಾಡಿದರು. ಅಪ್ಪ ಚಿಲ್ಲರೆ ಬಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಮ್ಮ ಊರಲ್ಲಿ ಎಲ್ಲ ಸರಿ ಉಂಟು ಅಂತಲೂ ಹೇಳುತ್ತಿಲ್ಲ. ರಾತ್ರಿ ರೈಲು ಇಳಿದು ಹಿಂದಿಯಲ್ಲಿ ಮಾತಾಡಿದವರಿಗೆ ನಮ್ಮಲ್ಲೂ ಬೇರೆ ರೇಟು ಹೇಳುವವರಿದ್ದಾರೆ. ಈ ಮಾತು ಎತ್ತಿದರೆ ಅಪ್ಪ ಪೇಪರ್ ಓದತೊಡಗುತ್ತಾರೆ.

ಮಗಳದ್ದು ಈಗ ಹೊಸ ಕಾಟ. ಯಾವ ರಿಕ್ಷಾ ಹತ್ತಿದರೂ ಬೆರಳು ತೋರಿಸಿ "ಮೀಟರ್ ಪಾಡ್ಲೆ ಅಣ್ಣಾ" ಅನ್ನುತ್ತಾಳೆ. ಮೊನ್ನೆ ಶಾಲೆಯ ರಿಕ್ಷಾದವರಿಗೂ ಹೇಳಿದಳಂತೆ. ಅವರಿಗೆ ನಾವು ಕೊಡುವುದು ತಿಂಗಳ ಲೆಕ್ಕ, ಅದರಲ್ಲೂ ಹೋದ ತಿಂಗಳದ್ದು ಬಾಕಿ.