ಎಡಗೈ ಬೇಡದ ಕಾರ್ಡ್

ಮಗಳಿಗೆಂದು ಬಳೇಪೇಟೆಯಿಂದ ಯುಕುಲೇಲಿ ತಂದೆ, ಪುಟ್ಟ ಗಿಟಾರಿನಂಥದ್ದು. ಎರಡು ವಾರ ನುಡಿಸಿ ಮೂಲೆಗಿಟ್ಟಳು. ಈಗ ಅದು ನನ್ನದು. ಅವಳ ಸೈಕಲ್ಲೂ ನನ್ನದಾಗಿದ್ದು ಹೀಗೇ.

ಅದಕ್ಕೆ ನಾಲ್ಕೇ ತಂತಿ: ಜಿ, ಸಿ, ಇ, ಎ. ಏನೂ ಒತ್ತದೆ ಸುಮ್ನೆ ಮೀಟಿದರೆ ಸಾಕು, ಸಿ ಮೇಜರ್ ಸಿಕ್ಸ್ತ್ ಕಾರ್ಡ್ ಬಂದುಬಿಡುತ್ತದೆ. ಕಾರ್ಡ್ ಅಂದರೆ ರೇಷನ್ನಿನದಲ್ಲ, ಒಟ್ಟಿಗೆ ನುಡಿಯುವ ಸ್ವರಗಳ ಗುಂಪು. ಸ, ಗ, ಪ ಸೇರಿದರೆ ಮೇಜರ್. ಜೊತೆಗೆ ಧ ಬಂದರೆ ಸಿಕ್ಸ್ತ್, ಯಾಕಂದ್ರೆ ಸ ಇಂದ ಎಣಿಸಿದರೆ ಧ ಆರನೆಯದು.

ಧ ಬದಲು ನಿ ಹಾಕಿದರೆ ಮೇಜರ್ ಸೆವೆಂತ್. ಅದೂ ಚೆಂದವೇ. ಆದರೆ ಈ ನಿ, ಅಂದರೆ ಕಾಕಲಿ ನಿಷಾದ, ಮೇಲಿನ ‘ಸ’ಗೆ ತೀರಾ ಅಂಟಿಕೊಂಡಿರುತ್ತದೆ. ಹಾಡು ‘ಸ’ದಲ್ಲಿ ಬಂದು ನಿಂತಾಗ ಎರಡೂ ಸಿಟಿ ಬಸ್ಸಿನ ಒಂದೇ ಸೀಟಿಗೆ ಬಿದ್ದವರ ಹಾಗೆ ತಿಕ್ಕಾಡುತ್ತವೆ. ಧ ಸ್ವಲ್ಪ ಜಾಗ ಬಿಟ್ಟು ಕೂರುವ ಸ್ವಭಾವದ್ದು. ನನಗೆ ಅದೇ ಇಷ್ಟ.

ಇದೇ ಸಿಕ್ಸ್ತ್ ಕಾರ್ಡನ್ನು ಗಿಟಾರಲ್ಲೂ ನೋಡಿದ್ದೆ. ತೋರುಬೆರಳು ಐದನೇ ತಂತಿಯ 3ನೇ ಫ್ರೆಟ್ಟಿಗೆ (ಫ್ರೆಟ್ ಅಂದರೆ ಕತ್ತಿನ ಮೇಲಿನ ಅಡ್ಡಪಟ್ಟಿ), ಉಂಗುರಬೆರಳು 5ನೇ ಫ್ರೆಟ್ಟಿನಲ್ಲಿ ಅದರ ಕೆಳಗಿನ ನಾಲ್ಕು ತಂತಿಗೂ ಅಡ್ಡ ಮಲಗಬೇಕು. ನನ್ನ ಉಂಗುರಬೆರಳು ಮಲಗಲಿಲ್ಲ.

ಮೊನ್ನೆ ಅಮ್ಮ ಸಂಗೀತಕ್ಕೆ ಕೂತಿದ್ದಳು. ಎಲೆಕ್ಟ್ರಾನಿಕ್ ತಂಬೂರಿ ಒಂದು ಮನೆ ಶ್ರುತಿಯಲ್ಲಿ ಝೇಂಕರಿಸುತ್ತಿತ್ತು. ಅಂದರೆ ಸಿ. ನಾನು ಪಕ್ಕದಲ್ಲಿ ಮೀಟಿದೆ.

"ಮೋಹನ ರಾಗ ಅಲ್ವೇನೋ? ರಿಷಭ ಎಲ್ಲಿ ಕಳ್ಕೊಂಡೆ?"

ತಂತಿ ನಾಲ್ಕೇ, ಐದನೇ ಸ್ವರ ಎಲ್ಲಿಂದ ತರಲಿ? ಸುಮ್ಮನಿರದೆ ತಂಬೂರಿಯನ್ನು ಆರು ಮನೆಗೆ, ಅಂದರೆ ‘ಎ’ಗೆ ತಿರುಗಿಸಿದೆ. ಮತ್ತೆ ಅದೇ ತಂತಿಗಳನ್ನು ಮೀಟಿದೆ. ನಗುತ್ತಿದ್ದ ಕಾರ್ಡಿಗೆ ಇದ್ದಕ್ಕಿದ್ದಂತೆ ಸಂಜೆಯ ಮುಖ ಬಂತು. ಎ ಮೈನರ್ ಸೆವೆಂತ್! ಸ್ವರ ಒಂದೂ ಬದಲಾಗಿರಲಿಲ್ಲ. ಧ ಇದ್ದ ಜಾಗವೇ ಈಗ ಸ ಆಗಿತ್ತು, ಅಷ್ಟೇ. ಅಮ್ಮ ತಲೆ ಎತ್ತಿದಳು.

"ಈಗ ಶುದ್ಧ ಧನ್ಯಾಸಿ ರಾಗದ ನೆರಳು. ಮಧ್ಯಮ ಇಲ್ಲ. ಏನು ಒತ್ತಿದೆಯೋ?"

"ಏನೂ ಇಲ್ಲಮ್ಮ. ಎರಡು ಸಲವೂ ಎಡಗೈಗೆ ಕೆಲಸವೇ ಇರಲಿಲ್ಲ."

ಅದೊಂದು ಹೇಳಬಾರದಿತ್ತು. ನೆನೆಸಿದ ಅವರೆಕಾಳಿನ ಪಾತ್ರೆ ನನ್ನ ಎಡಗಡೆಗೆ ಬಂತು. "ಹಾಗಾದ್ರೆ ಹಿದುಕು."

ಯುಕುಲೇಲಿ ತೊಡೆ ಮೇಲೆ ಮಲಗಿಸಿಕೊಂಡೆ. ಬಲಗೈ ಮೀಟುತ್ತಿತ್ತು, ಎಡಗೈ ಹಿದುಕುತ್ತಿತ್ತು. ಒಂದೆರಡು ಕಾಳು ಹಾರಿ ತಂತಿಗೆ ಬಿದ್ದವು. ಆಗ ಬಂದದ್ದು ಯಾವ ಕಾರ್ಡೋ, ಅಮ್ಮನೂ ಹೇಳಲಿಲ್ಲ.