ಕುಪ್ಪಳಿಸುವ ಕಾರೂ 7 ಮಿಲಿಮೀಟರ್ ತಗಡೂ

ಸಂಜೆ ಆರರ ಹೊತ್ತಿಗೆ ಮಂಗಳೂರಿನ ಜ್ಯೋತಿಯಿಂದ ಹಂಪನಕಟ್ಟೆ ಕಡೆಗೆ ಹೋಗುವ ಹಳೇ ಮಾರುತಿ 800ನ್ನು ಹಿಂದಿನಿಂದ ನೋಡಿದ್ದೀರಾ? ಒಳಗೆ ಕೂತ ನಾಲ್ಕೂ ಜನ ಯಾವುದೋ ಮಾತಿಗೆ ಒಟ್ಟಿಗೇ "ಹೌದು, ಹೌದು" ಎಂದು ತಲೆಯಾಡಿಸುತ್ತಿರುವಂತೆ ಕಾಣುತ್ತದೆ. ಒಪ್ಪಿಗೆ ಏನೂ ಇಲ್ಲ ಮಾರಾಯ್ರೆ. ಮುಂದೆ ಸಿಟಿ ಬಸ್ಸು ಜನ ಹತ್ತಿಸಿಕೊಳ್ಳುತ್ತಿದೆ, ಹಿಂದೆ ಇನ್ನೊಂದು ಬಸ್ಸು ಹಾರ್ನ್ ಬಿಡುತ್ತಿದೆ, ನಡುವೆ ಈ ಕಾರು ಫಸ್ಟ್ ಗೇರಿನಲ್ಲಿ ಕುಪ್ಪಳಿಸುತ್ತಿದೆ. ಎಕ್ಸಿಲೇಟರ್ ತುಸು ಮುಟ್ಟಿದರೆ ಹಾರುತ್ತದೆ, ಬಿಟ್ಟರೆ ಮುಗ್ಗರಿಸುತ್ತದೆ.

ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೊರೇಟರಿನಲ್ಲಿ, ಪೆಡಲ್ ಒತ್ತಿದಷ್ಟು ತಿರುಗಿ ಗಾಳಿಗೆ ದಾರಿ ಬಿಡುವ ಒಂದು ಪುಟ್ಟ ಬಾಗಿಲಿದೆ, ಬಟರ್‌ಫ್ಲೈ ವಾಲ್ವ್. ಅದರ ಜಾತಕವೇ ಹಾಗೆ. ಎಂಜಿನ್ ನಿಮಿಷಕ್ಕೆ 1000 ಸುತ್ತು ತಿರುಗುವಾಗ ಅದಕ್ಕೆ ಬೇಕಾದ ಗಾಳಿ ಬಹಳ ಕಡಿಮೆ. ಬಾಗಿಲು ಕಾಲುಭಾಗ ತೆರೆದರೂ ಒಂದೇ, ಪೂರ್ತಿ ತೆರೆದರೂ ಹೆಚ್ಚುಕಡಿಮೆ ಒಂದೇ. ಅಂದರೆ ನಿಧಾನದ ಓಟದ ಹಣೆಬರಹವೆಲ್ಲ ಪೆಡಲಿನ ಮೊದಲ ಬೆರಳಗಲದಲ್ಲೇ ತೀರ್ಮಾನವಾಗುತ್ತದೆ. ಆ ಬೆರಳಗಲವನ್ನು ಎರಡು ಬೆರಳಗಲ ಮಾಡಿಕೊಳ್ಳಬೇಕೆಂದು ಹೊರಟವರು ಪೆಡಲಿಗೂ ವಾಲ್ವಿಗೂ ನಡುವಿನ ಜೋಡಣೆಗೆ, ಅಂದರೆ ಲಿಂಕೇಜಿಗೆ ಕೈ ಹಾಕುತ್ತಾರೆ. ಹಾಕಲಿ, ಆದರೆ ಹತ್ತರಲ್ಲಿ ಏಳು ಕಾರಿಗೆ ಅದು ಬೇಕಾಗುವುದಿಲ್ಲ ಎಂಬುದು ನಮ್ಮ ಅಂದಾಜು.

ಮೊದಲ ಆರೋಪಿ ಪೆಡಲಿನಿಂದ ವಾಲ್ವಿಗೆ ಹೋಗುವ ಕೇಬಲ್. ನಮ್ಮ ಕಡಲ ಗಾಳಿಗೆ ಗೇಟಿನ ಕೊಂಡಿಯೇ ಎರಡು ಮಳೆಗಾಲ ತಡೆಯುವುದಿಲ್ಲ, ಕೇಬಲ್ಲಿನ ಹೊರಕವಚದ, ಅಂದರೆ ಔಟರಿನ, ಒಳಗಿನ ತಂತಿ ತಡೆದೀತೇ? ತುಕ್ಕು ಹಿಡಿದ ತಂತಿ ಮೊದಲು ಅಂಟಿಕೊಂಡು, ಆಮೇಲೆ ಒಮ್ಮೆಗೇ ಬಿಡುತ್ತದೆ. ಕಾಲಿಗೆ ಗೊತ್ತಾಗುವ ಆ "ಟಕ್" ಅದೇ. ಕಾರ್ಬೊರೇಟರ್ ಕಡೆ ತಂತಿಯ ತುದಿಯಲ್ಲಿರುವ ಗುಂಡು, ಅಂದರೆ ನಿಪ್ಪಲ್, ಬಿಚ್ಚಿ, ಒಳಗಿನ ತಂತಿಯನ್ನು ಬೆರಳಲ್ಲಿ ಹಿಡಿದು ಹಿಂದೆ ಮುಂದೆ ಆಡಿಸಿ. ಎಣ್ಣೆಯಲ್ಲಿ ನೂಲು ಎಳೆದ ಹಾಗೆ ಬರಬೇಕು. ಮರಳಿನಲ್ಲಿ ಎಳೆದ ಹಾಗಿದ್ದರೆ, ಒಂದೆರಡು ಎಳೆ ಬಿಚ್ಚಿ ಮುಳ್ಳಾಗಿದ್ದರೆ, ಹೊಸ ಕೇಬಲ್ ಹಾಕಿ, ಕತೆ ಮುಗಿಯಿತು. ಒಳಗೆ ನೈಲಾನ್ ನಳಿಗೆ ಇರುವ ಕೇಬಲ್ಲಿಗೆ ಗ್ರೀಸ್ ಬೇಡ, ಕೆಂಪು ಧೂಳು ಸೇರಿ ಅದು ಅರೆಯುವ ಚಟ್ನಿಯಾಗುತ್ತದೆ. ಚಟ್ನಿ ಎಂದಾಗ ನೆನಪಾಯಿತು: ಅಡುಗೆಮನೆಯ ತೆಂಗಿನೆಣ್ಣೆ ಖಂಡಿತ ಬೇಡ. ಬಾಗಿಲ ಕೀಲಿಗೆ, ತಲೆಗೆ, ಪತ್ರೊಡೆಗೆ ಆದದ್ದು ಕೇಬಲ್ಲಿಗೂ ಆಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ಕೆಲವು ತಿಂಗಳಲ್ಲಿ ಅದು ಗೋಂದಿನಂತೆ ಅಂಟುತ್ತದೆ, ಬಾನೆಟ್ ತೆರೆದರೆ ಹಳೇ ಹಪ್ಪಳದ ಡಬ್ಬಿಯ ವಾಸನೆ.

ಎರಡನೆಯದು ಎಂಜಿನ್ ಮೌಂಟ್, ಅಂದರೆ ಎಂಜಿನ್ ಕೂರುವ ರಬ್ಬರಿನ ಆಸರೆ. ಆ ರಬ್ಬರ್ ಸತ್ತಿದ್ದರೆ ಎಂಜಿನ್ ತನ್ನ ಜಾಗದಲ್ಲೇ ಓಲಾಡುತ್ತದೆ. ಓಲಾಡಿದಾಗ ಕೇಬಲ್ಲನ್ನು ತಾನೇ ಎಳೆದುಕೊಳ್ಳುತ್ತದೆ, ಎಳೆದಾಗ ಇನ್ನಷ್ಟು ಓಲಾಡುತ್ತದೆ. ಇದು ಲಿಂಕೇಜ್ ಬದಲಾಯಿಸಿದರೆ ಹೋಗುವ ಚಾಳಿ ಅಲ್ಲ.

ಇವೆರಡೂ ಸರಿಯಿದ್ದೂ ಕುಪ್ಪಳಿಸುತ್ತಿದ್ದರೆ, ಕೇಬಲ್ ಸುತ್ತಿಕೊಳ್ಳಲು ಬೇರೆ ಆಕಾರದ ಚಕ್ರ ಮಾಡಲು ತಗಡು ಕತ್ತರಿಸಿ. ಕಾರ್ಬೊರೇಟರಿನಲ್ಲಿ ಕೇಬಲ್ ಸುತ್ತಿಕೊಳ್ಳುವ ಅರ್ಧಚಂದ್ರದ ತ್ರಿಜ್ಯ ಅಳೆಯಿರಿ. 25 ಮಿ.ಮೀ. ಇದೆ ಎಂದಿಟ್ಟುಕೊಳ್ಳಿ. ವಾಲ್ವ್ 80 ಡಿಗ್ರಿ ತಿರುಗಿ ಪೂರ್ತಿ ತೆರೆಯಲು ಕೇಬಲ್ 35 ಮಿ.ಮೀ. ಎಳೆಯಬೇಕು, ಮೊದಲ 10 ಮಿ.ಮೀ.ಗೇ 23 ಡಿಗ್ರಿ ತೆರೆದುಕೊಳ್ಳುತ್ತದೆ. "ದೊಡ್ಡ ಚಕ್ರ ಹಾಕಿದರಾಯಿತು" ಎಂದು 40ರದ್ದು ಕೂರಿಸಿದರೆ ಕುಪ್ಪಳಿಸುವುದು ನಿಲ್ಲುತ್ತದೆ, ನಿಜ. ಆದರೆ ಪೆಡಲ್ ನೆಲ ಮುಟ್ಟಿದರೂ ವಾಲ್ವ್ 50 ಡಿಗ್ರಿಯಲ್ಲೇ ನಿಲ್ಲುತ್ತದೆ. ಆಮೇಲೆ ಶಿರಾಡಿ ಘಾಟಿಯಲ್ಲಿ ಎದ್ದು ನಿಂತು ಒತ್ತಿದರೂ ಟ್ಯಾಂಕರ್ ಓವರ್‌ಟೇಕ್ ಆಗದು.

ಹಾಗಾಗಿ ತ್ರಿಜ್ಯ ಶುರುವಿಗೆ 32, ಕೊನೆಗೆ 18 ಮಿ.ಮೀ. ಇರುವಂತೆ ಇಳಿಯುತ್ತಾ ಹೋಗುವ ಬಸವನಹುಳುವಿನ ಆಕಾರ ಬೇಕು. ಸರಾಸರಿ ಅದೇ 25, ಒಟ್ಟು ಎಳೆತವೂ ಅದೇ 35. ಮೊದಲ 10 ಮಿ.ಮೀ.ಗೆ ಈಗ ಸುಮಾರು 19 ಡಿಗ್ರಿ. ನಾಲ್ಕೇ ಡಿಗ್ರಿಗೆ ಇಷ್ಟು ರಾಮಾಯಣವೇ ಎನ್ನಬೇಡಿ, ಪಾರ್ಕಿಂಗ್‌ನಲ್ಲಿ ಕಾಲಿಗೆ ಗೊತ್ತಾಗುತ್ತದೆ. ನಡುವೆ 2 ಮಿ.ಮೀ. ಅಲ್ಯೂಮಿನಿಯಂ, ಎರಡೂ ಬದಿಗೆ ಅದಕ್ಕಿಂತ 3 ಮಿ.ಮೀ. ಹೊರಚಾಚಿದ 1 ಮಿ.ಮೀ. ತಗಡು, ಅಲ್ಲಿಗೆ ಕೇಬಲ್ ಕೂರುವ ಕಾಲುವೆ ಸಿದ್ಧ. 4 ಮಿ.ಮೀ.ಯ ಎರಡು ಬೋಲ್ಟು, ಒಳಗೆ ನೈಲಾನ್ ಬಳೆ ಇರುವ ನೈಲಾಕ್ ನಟ್ಟು. ಸಾದಾ ನಟ್ಟು ಹಾಕಿದರೆ ಎಂಜಿನ್ನಿನ ನಡುಕಕ್ಕೆ ಸಡಿಲವಾಗಿ ಎಲ್ಲೋ ದಾರಿಯಲ್ಲಿ ಇಳಿದುಹೋಗುತ್ತದೆ.

ಎಲ್ಲರೂ ಮರೆಯುವುದು ಇದನ್ನು: ತ್ರಿಜ್ಯ 7 ಮಿ.ಮೀ. ಬೆಳೆದ ಮೇಲೆ ಕೇಬಲ್ ಬರುವ ದಾರಿಯೂ 7 ಮಿ.ಮೀ. ಸರಿಯಿತು. ಔಟರ್ ಹಿಡಿಯುವ ಬ್ರಾಕೆಟ್ಟನ್ನೂ ಅಷ್ಟೇ ಸರಿಸಬೇಕು. ಇಲ್ಲದಿದ್ದರೆ ಅದರ ಅಂಚು ತಂತಿಯನ್ನು ಗರಗಸದ ಹಾಗೆ ಕೊಯ್ಯುತ್ತದೆ. ಇನ್ನೊಂದು, ಪೆಡಲ್ ಶುರುವಿನಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚು ಹಗುರವಾಗುತ್ತದೆ. ಹಗುರ ಪೆಡಲ್ ಮೇಲೆ ಕಾಲು ನಡುಗಿದರೆ ಮತ್ತೆ ಅದೇ ಕುಣಿತ. ಆದ್ದರಿಂದ ವಾಲ್ವನ್ನು ಹಿಂದಕ್ಕೆ ಎಳೆದು ಮುಚ್ಚುವ ಮೂಲದ ರಿಟರ್ನ್ ಸ್ಪ್ರಿಂಗ್ ಜೊತೆ ಇನ್ನೊಂದನ್ನು ನೇರ ಕಾರ್ಬೊರೇಟರಿನ ಲಿವರಿಗೇ ಕಟ್ಟಿ. ಒಂದು ಸ್ಪ್ರಿಂಗ್ ತುಂಡಾದರೂ ಇನ್ನೊಂದು ಸ್ಪ್ರಿಂಗ್ ವಾಲ್ವನ್ನು ಮುಚ್ಚಬೇಕು. ಇದರಲ್ಲಿ ಜಿಪುಣತನ ಮಾಡಿದವರ ಕಾರಿಗೆ ಕೂರಬೇಡಿ. ಎಂಜಿನ್ ಬಿಸಿಯಾದ ಮೇಲೆ ಕೇಬಲ್ಲಿನಲ್ಲಿ 2-3 ಮಿ.ಮೀ. ಸಡಿಲ ಬಿಟ್ಟು ಲಾಕ್ ನಟ್ ಬಿಗಿಯಿರಿ.

ಸೆನ್ಸರ್ ನೋಡಿ ಗಾಳಿ ಬಿಡುವ, ಕೇಬಲ್ಲೇ ಇಲ್ಲದ ಹೊಸ ಕಾರಿನವರು ಇದನ್ನೆಲ್ಲ ಓದಿ ಸುಮ್ಮನಿದ್ದುಬಿಡುವುದು ಒಳ್ಳೆಯದು.

ಕೊನೆಗೆ ಪರೀಕ್ಷೆ, ಇದಕ್ಕೆ ಇಬ್ಬರು ಬೇಕು. ಎಂಜಿನ್ ಆಫ್ ಇರಲಿ, ಒಬ್ಬರು ಬಾನೆಟ್ ಒಳಗೆ ತಲೆ ಹಾಕಿ, ಒಬ್ಬರು ಡ್ರೈವರ್ ಸೀಟಿನಲ್ಲಿ. ಸಾಮಾನ್ಯವಾಗಿ ಸೀಟಿಗೆ ಹೆಂಡತಿ ಬರಬೇಕಾಗುತ್ತದೆ, ಅದೂ ದೋಸೆ ಕಾವಲಿ ಒಲೆಯ ಮೇಲಿರುವಾಗಲೇ.

"ಪೂರ್ತಿ ಒತ್ತು."

"ಒತ್ತಿದೆ."

"ವಾಲ್ವ್ ಪೂರ್ತಿ ತೆರೀಲಿಲ್ಲ ಮಾರಾಯ್ತಿ."

"ಕಾಲಡಿಗೆ ನೀವೇ ಹಾಕಿದ್ದಲ್ವಾ, ಮಳೆಗಾಲದ ರಬ್ಬರ್ ಮ್ಯಾಟ್, ಅದರಡಿಗೆ ಎರಡು ಪೇಪರ್, ಅದರಡಿಗೆ ಗೋಣಿ? ಪೆಡಲ್ ಎಲ್ಲಿಗೆ ಹೋಗ್ಬೇಕು?"

ಗೋಣಿ ತೆಗೆದು ಇನ್ನೊಮ್ಮೆ ಒತ್ತಿಸಿ.