ನರ್ಸ್ ಕೆಲಸಕ್ಕೆ ಭಾರ ಎತ್ತುವ ಪರೀಕ್ಷೆ ಬೇಕಾ?

ಪರ: ಬೇಕು, ಕೆಲಸವೇ ಅಂಥದ್ದು

ಅಮೆರಿಕದ ಎಷ್ಟೋ ಆಸ್ಪತ್ರೆಗಳು ನರ್ಸ್ ಬೇಕಾಗಿದ್ದಾರೆ ಎನ್ನುವ ಜಾಹೀರಾತಿನಲ್ಲೇ 50 ಪೌಂಡ್ ಎತ್ತಲು ಆಗಬೇಕು ಎಂದು ಬರೆದಿರುತ್ತವೆ. ಅಂದರೆ ಸುಮಾರು 23 ಕಿಲೋ. ಕೆಲವು ಕಡೆ ಆಫರ್ ಕೊಟ್ಟ ಮೇಲೆ ಪರೀಕ್ಷೆಯನ್ನೂ ಮಾಡುತ್ತಾರೆ. ತೂಕ ತುಂಬಿದ ಪೆಟ್ಟಿಗೆಯನ್ನು ನೆಲದಿಂದ ಸೊಂಟದ ಮಟ್ಟಕ್ಕೆ ಎತ್ತಬೇಕು, ಹಿಡಿದು ನಡೆಯಬೇಕು, ತಳ್ಳಬೇಕು, ಎಳೆಯಬೇಕು.

ಕರ್ನಾಟಕದಲ್ಲಿ ನರ್ಸಿಂಗ್ ಓದಿ ಅಲ್ಲಿಗೆ ಹೋದವರಿಗೆ ಇದು ವಿಚಿತ್ರ ಅನ್ನಿಸಬಹುದು. ನಮ್ಮ ವಾರ್ಡುಗಳಲ್ಲಿ ರೋಗಿಯನ್ನು ಹೊರಳಿಸಲು ಆಯಾ, ವಾರ್ಡ್ ಬಾಯ್ ಬರುತ್ತಾರೆ, ಮನೆಯವರೂ ಕೈ ಹಾಕುತ್ತಾರೆ. ಅಲ್ಲಿ ಈ ಕೆಲಸದ ಬಹುಪಾಲು ನರ್ಸ್ ಮತ್ತು ನರ್ಸಿಂಗ್ ಅಸಿಸ್ಟೆಂಟ್‌ಗಳ ಮೇಲೆಯೇ ಬೀಳುತ್ತದೆ.

ರಾತ್ರಿ ಪಾಳಿಯಲ್ಲಿ ರೋಗಿಯ ಹೃದಯ ನಿಂತಿತು ಅಂದುಕೊಳ್ಳಿ. ನಿಮಿಷಕ್ಕೆ 100ರಿಂದ 120 ಸಲ, ಎದೆ ಕನಿಷ್ಠ 5 ಸೆಂಟಿಮೀಟರ್ ಕುಗ್ಗುವಂತೆ ಒತ್ತಬೇಕು. ಎರಡು ನಿಮಿಷಕ್ಕೇ ತೋಳು ಸೋತುಹೋಗುತ್ತದೆ. ಇಷ್ಟು ಶಕ್ತಿ ಇದೆಯಾ ಎಂದು ಮೊದಲೇ ನೋಡುವುದರಲ್ಲಿ ಅನ್ಯಾಯ ಏನೂ ಇಲ್ಲ.

ಪರೀಕ್ಷೆ ಇಲ್ಲದಿದ್ದರೆ ಏನಾಗುತ್ತದೆ ಅಂತಲೂ ಯೋಚಿಸಿ. ಸಂದರ್ಶನ ಮಾಡುವವರು ಕಣ್ಣಳತೆಯಲ್ಲೇ ತೀರ್ಮಾನ ಮಾಡುತ್ತಾರೆ. ಸಣ್ಣ ಮೈಕಟ್ಟಿನ ಹುಡುಗಿಯನ್ನೋ, ಐವತ್ತು ದಾಟಿದವರನ್ನೋ ನೋಡಿ 'ಇವರ ಕೈಲಿ ಆಗಲ್ಲ' ಅಂದುಬಿಡುತ್ತಾರೆ. ಎಲ್ಲರಿಗೂ ಒಂದೇ ಅಳತೆ ಇದ್ದರೆ ಅವರು ಎತ್ತಿ ತೋರಿಸಬಹುದು, ಅಲ್ವಾ?

ವಿರೋಧ: ಬೇಡ, ಅಳೆಯಬೇಕಾದ್ದು ಅದನ್ನಲ್ಲ

ಪೆಟ್ಟಿಗೆಗೆ ಹಿಡಿಕೆ ಇರುತ್ತದೆ, ಅದು ಅಲ್ಲಾಡುವುದಿಲ್ಲ. ರೋಗಿ ಹಾಗಲ್ಲ. ನೋವಿಗೆ ಕೊಸರಾಡುತ್ತಾರೆ, ಹೆದರಿ ನರ್ಸಿನ ಕುತ್ತಿಗೆಗೆ ಜೋತುಬೀಳುತ್ತಾರೆ, ಒಮ್ಮೆಲೇ ಕಾಲು ಸೋತು ಕುಸಿಯುತ್ತಾರೆ.

ಅಮೆರಿಕ ಸರ್ಕಾರದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಯೋಶ್‌ನ ಸಂಶೋಧಕ ಥಾಮಸ್ ವಾಟರ್ಸ್ 2007ರಲ್ಲೇ ಒಂದು ಮಿತಿ ಹೇಳಿದ್ದರು. ರೋಗಿಯನ್ನು ಕೈಯಲ್ಲಿ ಎತ್ತುವುದಾದರೆ 35 ಪೌಂಡ್, ಅಂದರೆ ಸುಮಾರು 16 ಕಿಲೋ ಮೀರಬಾರದು. ಅದೂ ಎಲ್ಲ ಅನುಕೂಲ ಇದ್ದಾಗ. ಬಗ್ಗಿ, ತಿರುಗಿ ಎತ್ತಬೇಕಾದರೆ ಇನ್ನೂ ಕಡಿಮೆ. ನೂರು ಕಿಲೋ ತೂಗುವವರ ಒಂದು ಕಾಲೇ ಹತ್ತಿರ ಹತ್ತಿರ 16 ಕಿಲೋ ಇರುತ್ತದೆ! ಡ್ರೆಸ್ಸಿಂಗ್ ಮಾಡಲು ಆ ಕಾಲನ್ನು ಎತ್ತಿ ಹಿಡಿದರೆ ಮಿತಿ ಅಲ್ಲಿಗೇ ಮುಗಿಯಿತು. ಹಾಗಿರುವಾಗ 50 ಪೌಂಡ್ ಎತ್ತಿಸಿ ನೋಡುವುದು ಯಾವ ಕೆಲಸಕ್ಕೆ? ಯಾರೂ ಒಬ್ಬರೇ ಮಾಡಬಾರದ ಕೆಲಸಕ್ಕೆ.

ಒಂದೇ ಅಳತೆ ಅನ್ನುವ ಮಾತೂ ಪೂರ್ತಿ ನಿಜವಲ್ಲ. ಆಸ್ಪತ್ರೆಯದ್ದಲ್ಲದಿದ್ದರೂ ಇಲ್ಲಿ ಹೇಳಲೇಬೇಕಾದ ಪ್ರಕರಣ ಒಂದಿದೆ. ಅಮೆರಿಕದ ಅಯೋವಾ ರಾಜ್ಯದಲ್ಲಿ ಡಯಲ್ ಕಂಪನಿಯ ಮಾಂಸದ ಫ್ಯಾಕ್ಟರಿ 2000ದಲ್ಲಿ ಭಾರ ಎತ್ತುವ ಪರೀಕ್ಷೆ ತಂದಿತು. ಹೊಸದಾಗಿ ಸೇರುವವರಲ್ಲಿ ಹೆಂಗಸರು ಶೇ. 46ರಷ್ಟು ಇದ್ದವರು ಶೇ. 15ಕ್ಕೆ ಇಳಿದರು. ಇದು ತಾರತಮ್ಯ ಎಂದು ಕೇಸು ಬಿದ್ದಾಗ, ಗಾಯಗಳು ಕಡಿಮೆಯಾದವು ಎಂದು ಕಂಪನಿ ವಾದಿಸಿತು. ಆದರೆ ಪರೀಕ್ಷೆ ಬರುವ ಮೊದಲೇ ಅವು ಇಳಿಯುತ್ತಿದ್ದವು. ಪರೀಕ್ಷೆಯೇ ಕೆಲಸಕ್ಕಿಂತ ಕಷ್ಟವಾಗಿತ್ತು. 2006ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲೂ ಕಂಪನಿ ಸೋತಿತು. ನರ್ಸುಗಳಲ್ಲಿ ಹೆಂಗಸರೇ ಜಾಸ್ತಿ. ಇಂಥ ಪರೀಕ್ಷೆ ಇಲ್ಲಿ ಯಾರನ್ನು ಹೊರಗಿಡುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ.

ನನಗೆ ಜಾಸ್ತಿ ಬೇಸರ ತರಿಸುವುದು ಇನ್ನೊಂದು ವಿಷಯ. ನರ್ಸುಗಳ ಬೆನ್ನು ಸಾಮಾನ್ಯವಾಗಿ ಒಂದೇ ಏಟಿಗೆ ಹೋಗುವುದಿಲ್ಲ. ವರ್ಷಗಟ್ಟಲೆ ಎತ್ತಿ, ಎಳೆದು ಸವೆಯುತ್ತದೆ. ಸೇರುವ ದಿನದ ಗಟ್ಟಿ ಬೆನ್ನು ಇದನ್ನು ತಡೆಯಲ್ಲ. ತಡೆಯುವುದು ರೋಗಿಯನ್ನು ಎತ್ತಲು ಚಾವಣಿಗೆ ಹಾಕಿದ ಯಂತ್ರ (ಲಿಫ್ಟ್), ರೋಗಿಯ ಕೆಳಗೆ ಜಾರಿಸುವ ಶೀಟ್, ಕರೆದಾಗ ಬರುವ ಇನ್ನಿಬ್ಬರು. ಟೆಕ್ಸಾಸ್ 2005ರಲ್ಲೇ ಇದಕ್ಕೆ ಕಾನೂನು ಮಾಡಿತು, ಕ್ಯಾಲಿಫೋರ್ನಿಯಾದ ಕಾನೂನು 2012ರಿಂದ ಜಾರಿಯಲ್ಲಿದೆ. ಲಿಫ್ಟ್ ಇದ್ದರೂ ಅದರ ಬ್ಯಾಟರಿ ಚಾರ್ಜ್ ಆಗಿಲ್ಲ, ರೋಗಿಯನ್ನು ಅದಕ್ಕೆ ತೂಗುಹಾಕುವ ಸರಿಯಾದ ಅಳತೆಯ ಜೋಲಿ ಸಿಗಲ್ಲ ಅಂದರೆ ನರ್ಸ್ ಮತ್ತೆ ಕೈಯಲ್ಲೇ ಎತ್ತುತ್ತಾರೆ.

ಹೊಸಬರನ್ನು ಪರೀಕ್ಷೆ ಮಾಡಲೇಬೇಕೆಂದಿದ್ದರೆ ಆ ಜೋಲಿಯನ್ನು ಸರಿಯಾಗಿ ಹಾಕಲು ಬರುತ್ತದಾ ಎಂದು ನೋಡಲಿ. ಎದೆ ಒತ್ತಲು ಬರುತ್ತದಾ ಎಂದು ಗೊಂಬೆಯ ಮೇಲೆ ನೋಡಲಿ. ಪೆಟ್ಟಿಗೆ ಬೇಡ.